ಓಡಿಸುವವನಿಗೆ ತಿಳಿಯದ ಸವೆತ

ಇಂಗ್ಲೆಂಡಿಗೆ ಬಂದ ಕನ್ನಡಿಗರು ಮೊದಲ ವರ್ಷದಲ್ಲೇ ಬಾಯಿಪಾಠ ಮಾಡಿಕೊಳ್ಳುವ ಅಕ್ಷರಗಳಲ್ಲಿ ಎನ್.ಎಚ್.ಎಸ್. ಒಂದಾದರೆ ಎಂ.ಓ.ಟಿ. ಇನ್ನೊಂದು. ಹಳೇ ಕಾರು ಕೊಳ್ಳಲು ಹೊರಟವರಿಗೆ ಬಳಗದ ಹಿರಿಯರು ಹಾಕುವ ಮೊದಲ ಪ್ರಶ್ನೆಯೇ "ಎಂ.ಓ.ಟಿ. ಇನ್ನೆಷ್ಟು ತಿಂಗಳು ಇದೆಯಂತೆ?" ಎಂಬುದು. ಮಿನಿಸ್ಟ್ರಿ ಆಫ್ ಟ್ರಾನ್ಸ್‌ಪೋರ್ಟ್ ಎಂಬ ಇಲಾಖೆಯ ಹೆಸರು ಹೋಗಿ ಎಷ್ಟೋ ದಶಕಗಳಾದವು, ಅದರ ಹೆಸರು ಹೊತ್ತ ಪರೀಕ್ಷೆ ಮಾತ್ರ ಉಳಿದಿದೆ. ಮೆಜೆಸ್ಟಿಕ್ ಚಿತ್ರಮಂದಿರ ಇಲ್ಲವಾದ ಮೇಲೂ ಬೆಂಗಳೂರಿನ ಬಸ್ ಕಂಡಕ್ಟರು "ಮೆಜೆಸ್ಟಿಕ್, ಮೆಜೆಸ್ಟಿಕ್" ಎಂದು ಕೂಗುವ ಹಾಗೆ!

ಈ ಪರೀಕ್ಷೆಯ ಚೀಟಿಯಲ್ಲಿ ಲೈಟು, ಟೈರುಗಳ ವಿಷಯ ಬಂದರೆ ನಮಗೆ ತಕರಾರಿಲ್ಲ. ಬಗ್ಗಿ ನೋಡಿದರೆ ನಮಗೂ ಕಾಣುತ್ತದೆ. ಆದರೆ "ಮುಂದಿನ ಎಡಗಡೆ ಸಸ್ಪೆನ್ಷನ್ ಆರ್ಮಿನ ಬುಷ್ ಸವೆದಿದೆ" ಎಂದೋ, "ಹಿಂದಿನ ಕಾಯಿಲ್ ಸ್ಪ್ರಿಂಗ್ ಮುರಿದಿದೆ" ಎಂದೋ ಒಂದು ಸಾಲು ಬಂದರೆ ಹಣೆ ಗಂಟಾಗುತ್ತದೆ. ನಿನ್ನೆಯವರೆಗೂ ಚೆನ್ನಾಗಿಯೇ ಓಡುತ್ತಿತ್ತಲ್ಲ! ಅದೂ ಹಾಗೆ ಹೇಳುತ್ತಿರುವವನು ಯಾರು? ಅದನ್ನೇ ರಿಪೇರಿ ಮಾಡಿ ದುಡ್ಡು ಎಣಿಸಿಕೊಳ್ಳುವ ಗ್ಯಾರೇಜಿನವನು. ನಂಬಬೇಕೋ ಬೇಡವೋ? ನೋಡಲು ಸಣ್ಣ ಪ್ರಶ್ನೆ. ಆದರೆ ಇದರ ಬೇರು ಹುಡುಕುತ್ತಾ ಹೋದರೆ ಎತ್ತಿನ ಗಾಡಿಯವರೆಗೂ, ಜರ್ಮನಿಯ ಒಂದು ಬಿಯರ್ ಕಾರ್ಖಾನೆಯವರೆಗೂ ಹೋಗಬೇಕಾಗುತ್ತದೆ.

ಸವೆತ ಕಿವಿಗೆ ಕೇಳುತ್ತಿದ್ದ ಕಾಲವೊಂದಿತ್ತು. ಎತ್ತಿನ ಗಾಡಿಗೆ ಸ್ಪ್ರಿಂಗಿಲ್ಲ, ಶಾಕಪ್ ಇಲ್ಲ. ಅಚ್ಚು ಒಣಗಿದರೆ ಗಾಡಿ ಕಿರ್ರೆಂದು ಕೂಗಿ ತಾನೇ ಕೀಲೆಣ್ಣೆ ಕೇಳುತ್ತಿತ್ತು. ಜಟಕಾ ಗಾಡಿಗೆ ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಸೇರಿತು. ಇಂಗ್ಲೆಂಡಿನಲ್ಲಿ 19ನೇ ಶತಮಾನದ ಆರಂಭದಲ್ಲಿ ಒಬಡಾಯ ಎಲಿಯಟ್ ಎಂಬ ಲಂಡನ್ನಿನ ಗಾಡಿ ತಯಾರಕ ಇಂಥ ಬಾಗಿದ ಪಟ್ಟಿಗಳನ್ನು ಎದುರುಬದುರಾಗಿ ಜೋಡಿಸಿ, ಕುದುರೆ ಗಾಡಿಯ ಮೈಯನ್ನು ಅದರ ಮೇಲೆ ಕೂರಿಸುವುದಕ್ಕೆ ಪೇಟೆಂಟ್ ಪಡೆದ. ಪಟ್ಟಿ ಸ್ಪ್ರಿಂಗಿನಲ್ಲಿ ಒಂದು ಜಾಣತನವಿದೆ. ಭಾರ ಹೊರುವುದರ ಜೊತೆಗೆ, ಪಟ್ಟಿಗಳು ಒಂದಕ್ಕೊಂದು ಉಜ್ಜಿಕೊಳ್ಳುವುದರಿಂದ ಕುಣಿತವನ್ನೂ ಅಷ್ಟಿಷ್ಟು ತಡೆಯುತ್ತದೆ. ಒಂದು ಪಟ್ಟಿ ಮುರಿದರೆ ಉಳಿದವು ಇರುತ್ತವೆ. ಗಾಡಿ ಒಂದು ಕಡೆಗೆ ವಾಲಿ ನಿಂತು ಎಲ್ಲರಿಗೂ ಸುದ್ದಿ ಹೇಳುತ್ತದೆ. ಕಮ್ಮಾರನ ಹತ್ತಿರ ಹೋದರಾಯಿತು. (ನಮ್ಮ ಮಲೆನಾಡಿನಲ್ಲಿ ಮುರಿದ ಲಾರಿ ಪಟ್ಟಿಗೆ ಎರಡನೇ ಜನ್ಮವೂ ಉಂಟು. ಕುಲುಮೆಗೆ ಹೋಗಿ ಒಳ್ಳೇ ಕತ್ತಿಯಾಗಿ ಬರುತ್ತದೆ. ಆ ಉಕ್ಕಿನ ಹದ ಅಂಥದ್ದು.)

ಮೊದಲ ಮೋಟಾರು ಕಾರುಗಳು ಕುದುರೆ ಗಾಡಿಯ ಇದೇ ಪಟ್ಟಿಗಳನ್ನು ಹೊತ್ತುಕೊಂಡು ಬಂದವು. 1908ರ ಫೋರ್ಡ್ ಮಾಡೆಲ್ ಟಿ ಕಾರಿನ ಮುಂದೊಂದು ಹಿಂದೊಂದು ಅಡ್ಡ ಪಟ್ಟಿ ಕಟ್ಟು; ಅದೇ ಏರ್ಪಾಡು ಬ್ರಿಟನ್ನಿನ ಫೋರ್ಡ್ ಪಾಪ್ಯುಲರ್ ಕಾರಿನಲ್ಲಿ 1959ರವರೆಗೂ ಉಳಿದಿತ್ತು ಅಂದರೆ ನಂಬುವುದು ಕಷ್ಟ. ವೇಗ ಹೆಚ್ಚಿದಂತೆ ಪಟ್ಟಿಗಳ ಉಜ್ಜಾಟ ಸಾಲದಾಯಿತು, ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರುಗಳು ಬಂದವು. ಎಣ್ಣೆ ಸಣ್ಣ ರಂಧ್ರದಲ್ಲಿ ನುಸುಳುವಾಗ ತಡೆಯುಂಟಾಗಿ ಕುಣಿತದ ಶಕ್ತಿ ಬಿಸಿಯಾಗಿ ಹೋಗಿಬಿಡುತ್ತದೆ. ಇಷ್ಟೇ ಅದರ ಗುಟ್ಟು.

ಇಲ್ಲಿ ಮಾರಿಸ್ ಆಲಿ ಎಂಬ ಎಂಜಿನಿಯರನ ಮಾತು ಬರಬೇಕು. ರೋಲ್ಸ್ ರಾಯ್ಸ್ ಕಂಪನಿಯಲ್ಲಿದ್ದ ಈ ಇಂಗ್ಲಿಷ್ ಎಂಜಿನಿಯರು 1930ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸೇರಿದ. ಕಾರಿನಲ್ಲಿ ಕೂತವರಿಗೆ ಯಾವ ಕುಲುಕಾಟ ಹಿತ, ಯಾವುದು ಹಿಂಸೆ ಎಂದು ಅಳೆಯುವ ಯಂತ್ರ ಆಗ ಇರಲಿಲ್ಲ. ಆಲಿ ಒಂದು ದೊಡ್ಡ ಕಾರಿಗೆ ಹಿಂದೆ ಮುಂದೆ ಸರಿಸಬಹುದಾದ ತೂಕದ ಕಲ್ಲುಗಳಂಥವನ್ನು ಕಟ್ಟಿ, ಸ್ಪ್ರಿಂಗ್ ಬದಲಿಸಿ, ತಾನೂ ತನ್ನವರೂ ಅದರಲ್ಲೇ ಕೂತು ಓಡಾಡಿ ನೋಡಿದರು. ಅಳತೆಗೋಲು ಮನುಷ್ಯನ ಸೊಂಟ! 1934ರ ಜನರಲ್ ಮೋಟರ್ಸ್ ಕಾರುಗಳಲ್ಲಿ ಮುಂದಿನ ಎರಡು ಚಕ್ರಗಳು ಒಂದರ ಹಂಗಿಲ್ಲದೆ ಇನ್ನೊಂದು ಮೇಲೆ ಕೆಳಗೆ ಆಡುವಂತಾದದ್ದರ ಹಿಂದೆ ಈ ಕೆಲಸವಿತ್ತು. ಅಲ್ಲಿಂದ ಮುಂದೆ ಸಸ್ಪೆನ್ಷನ್ ಎಂದರೆ ಬರೀ ಪಟ್ಟಿ ಕಟ್ಟಲ್ಲ. ಆರ್ಮುಗಳು, ಪಿನ್ನುಗಳು, ಬುಷ್‌ಗಳು, ಚಕ್ರ ತಿರುಗಲು ಕೀಲುಗಳು, ಎಲ್ಲ ಸೇರಿದ ಒಂದು ಸಂಸಾರ. ಕೀಲು ಹೆಚ್ಚಿದಷ್ಟೂ ಸವೆಯುವ ಜಾಗ ಹೆಚ್ಚು.

ಕೀಲಿಗೆ ಬೇಕಾದದ್ದು ಗ್ರೀಸು. 1948ರ ಮಾರಿಸ್ ಮೈನರ್ ಕಾರನ್ನೇ ತೆಗೆದುಕೊಳ್ಳಿ. ಅಲೆಕ್ ಇಸ್ಸಿಗೋನಿಸ್ ವಿನ್ಯಾಸ ಮಾಡಿದ, ಬ್ರಿಟನ್ನಿನಲ್ಲಿ ಮೊಟ್ಟಮೊದಲು ಹತ್ತು ಲಕ್ಷ ಮುಟ್ಟಿದ ಕಾರದು. ಅದರ ಮುಂದಿನ ಚಕ್ರ ಹೊತ್ತ ಕಂಬದ ಕೆಳತುದಿ ಒಂದು ತಿರುಪಿನ ಕೀಲಿನಲ್ಲಿ ಕೂತಿರುತ್ತದೆ, ಇಂಗ್ಲಿಷಿನಲ್ಲಿ ಟ್ರನಿಯನ್ ಅನ್ನುತ್ತಾರೆ. ನಿಗದಿತ ಮೈಲಿಗೊಮ್ಮೆ ಗ್ರೀಸ್ ಗನ್ ಹಿಡಿದು ನಿಪ್ಪಲ್ಲಿಗೆ ಹೊಸ ಗ್ರೀಸು ಒತ್ತಿದರೆ ಕೀಲು ಬಹುಕಾಲ ಬಾಳುತ್ತದೆ. ಒತ್ತದಿದ್ದರೆ ತಿರುಪಿನ ಹಲ್ಲು ಸವೆದು ಸವೆದು ಒಂದು ದಿನ ಕಂಬ ಕಳಚಿಕೊಳ್ಳುತ್ತದೆ, ಚಕ್ರ ಮಡಚಿ ಕಾರಿನ ಮೂಲೆ ನೆಲಕ್ಕೆ ಕೂರುತ್ತದೆ. ಇಂದಿಗೂ ಈ ಕಾರನ್ನು ಮುದ್ದಿನಿಂದ ಇಟ್ಟುಕೊಂಡವರು ಹೊಸಬರಿಗೆ ಹೇಳುವ ಮೊದಲ ಬುದ್ಧಿಮಾತು ಇದೇ.

ಮೈನರಿನ ದೊಡ್ಡಣ್ಣ ಮಾರಿಸ್ ಆಕ್ಸ್‌ಫರ್ಡ್ ನಮಗೆಲ್ಲ ಗೊತ್ತು, ಬೇರೆ ಹೆಸರಿನಲ್ಲಿ. ಅದರ ಮೂರನೇ ಸರಣಿಯೇ 1950ರ ದಶಕದ ಕೊನೆಗೆ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಅಂಬಾಸಡರ್ ಆಗಿ ಹುಟ್ಟಿ 2014ರವರೆಗೂ ತಯಾರಾದದ್ದು. ಮುಂದೆ ಉದ್ದನೆಯ ಉಕ್ಕಿನ ಸರಳು ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುತ್ತಿತ್ತು, ಹಿಂದೆ ಅದೇ ಪಟ್ಟಿ ಕಟ್ಟು. ನಮ್ಮ ಊರುಗಳ ಸರ್ವೀಸ್ ಸ್ಟೇಷನ್ನುಗಳಲ್ಲಿ "ವಾಟರ್ ಸರ್ವೀಸ್, ಗ್ರೀಸಿಂಗ್" ಎಂದು ಬೋರ್ಡು ಇರುತ್ತಿದ್ದದ್ದು ನೆನಪಿದೆಯೇ? ಕಾರನ್ನು ರ‍್ಯಾಂಪಿನ ಮೇಲೆ ಹತ್ತಿಸಿ, ಕೆಳಗೆ ನುಗ್ಗಿದ ಹುಡುಗ ಕೆಸರು ತೊಳೆದು, ನಿಪ್ಪಲ್ ಹುಡುಕಿ ಹುಡುಕಿ ಗ್ರೀಸು ಹೊಡೆಯುತ್ತಿದ್ದ. ಹೊಡೆಯುತ್ತಾ ಅವನ ಕೈಗೆ ಒಂದು ಆರ್ಮು ಲಟಪಟ ಎಂದರೆ ಹೊರಬಂದು ಡ್ರೈವರಿಗೆ ಹೇಳುತ್ತಿದ್ದ: "ಅಣ್ಣಾ, ಕಿಂಗ್ ಪಿನ್ ಹೋಗೈತೆ, ತೋರಿಸ್ಬಿಡಿ." ಗಮನಿಸಿ, ಯಾರೂ ಅವನಿಗೆ ಪರೀಕ್ಷೆ ಮಾಡು ಎಂದಿರಲಿಲ್ಲ. ಗ್ರೀಸು ಹೊಡೆಯುವ ನೆಪದಲ್ಲಿ ತಿಂಗಳಿಗೋ ಎರಡು ತಿಂಗಳಿಗೋ ಒಂದು ಜೊತೆ ಕಣ್ಣು ಕಾರಿನ ಹೊಟ್ಟೆಯಡಿ ಹಾದುಹೋಗುತ್ತಿತ್ತು.

ಆ ಕಣ್ಣನ್ನು ಇಲ್ಲವಾಗಿಸಿದ್ದು ಪ್ರಗತಿ. ಇದನ್ನು ದೂರಲು ಹೇಳುತ್ತಿಲ್ಲ, ನಡೆದದ್ದು ಹಾಗೆ. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕನ್ ಎಂಜಿನಿಯರು ಜನರಲ್ ಮೋಟರ್ಸಿನಲ್ಲಿ ಕ್ಯಾಡೆಟ್ ಎಂಬ ಅಗ್ಗದ ಸಣ್ಣ ಕಾರಿನ ಕೆಲಸದಲ್ಲಿದ್ದ. 1947ರಲ್ಲಿ ಕಂಪನಿ ಆ ಯೋಜನೆಯನ್ನೇ ಕೈಬಿಟ್ಟಿತು, ಅವನು ಫೋರ್ಡ್ ಸೇರಿದ. ಶಾಕ್ ಅಬ್ಸಾರ್ಬರನ್ನೇ ಕಂಬವನ್ನಾಗಿ ನಿಲ್ಲಿಸಿ ಅದರ ಸುತ್ತ ಕಾಯಿಲ್ ಸ್ಪ್ರಿಂಗ್ ತೊಡಿಸುವ ಅವನ ಉಪಾಯ 1950ರಲ್ಲಿ ಬ್ರಿಟಿಷ್ ಫೋರ್ಡ್ ಕಾನ್ಸಲ್ ಮತ್ತು ಜೆಫಿರ್ ಕಾರುಗಳಲ್ಲಿ ಬೀದಿಗಿಳಿಯಿತು. ಬಿಡಿಭಾಗ ಕಡಿಮೆ, ಖರ್ಚು ಕಡಿಮೆ, ಎಂಜಿನ್ನಿಗೆ ಜಾಗ ಹೆಚ್ಚು. ನಿಮ್ಮ ಮನೆ ಮುಂದೆ ಇಂದು ನಿಂತಿರುವ ಕಾರಿನ ಮುಂಭಾಗದಲ್ಲಿಯೂ ಬಹುಪಾಲು ಇದೇ ಇರುತ್ತದೆ. 1983ರಲ್ಲಿ ಮಾರುತಿ 800 ಬಂದಾಗ ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಕಾಲಿಟ್ಟದ್ದೂ ಇದೇ ಕಂಬ. ಇದರ ಜೊತೆಜೊತೆಗೆ ಲೋಹದ ಬುಷ್ ಹೋಗಿ ರಬ್ಬರ್ ಬುಷ್ ಬಂತು, ಕಿಂಗ್ ಪಿನ್ ಹೋಗಿ ಗ್ರೀಸು ತುಂಬಿ ಮುಚ್ಚಿದ ಬಾಲ್ ಜಾಯಿಂಟ್ ಬಂತು. ಜೀವಮಾನವಿಡೀ ಗ್ರೀಸು ಬೇಡ ಎಂದರು. ಯಾರ ಜೀವಮಾನ ಎಂದು ಯಾರೂ ಕೇಳಲಿಲ್ಲ, ಬಾಲ್ ಜಾಯಿಂಟಿನದೇ ಇರಬೇಕು! ಗ್ರೀಸ್ ಗನ್ ಮೂಲೆ ಸೇರಿತು. ಅದರ ಜೊತೆ ಕಾರಿನಡಿ ನುಗ್ಗುವ ಕಾರಣವೂ ಹೋಯಿತು.

ರಬ್ಬರಿನ ಸವೆತಕ್ಕೆ ಇನ್ನೊಂದು ಗುಣವಿದೆ. ಅದು ಕೂಗುವುದಿಲ್ಲ. ದಿನಕ್ಕೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಶಾಕಪ್ ಕೂಡ ಹಾಗೆಯೇ, ಎಣ್ಣೆ ತೊಟ್ಟುತೊಟ್ಟಾಗಿ ಸೋರುತ್ತದೆ. ದಿನಾ ಅದೇ ಕಾರು ಓಡಿಸುವವನ ಮೈ ಅದಕ್ಕೆ ದಿನಾ ಒಗ್ಗಿಕೊಳ್ಳುತ್ತಾ ಹೋಗುತ್ತದೆ. ಮಾರಿಸ್ ಆಲಿಯ ಸೊಂಟದ ಅಳತೆಗೋಲು ಇಲ್ಲಿ ಸೋಲುವುದು ಹೀಗೆ. ಹೊಸ ಕಾರು ಹಿತವೋ ಅಲ್ಲವೋ ಎಂದು ಅದು ಹೇಳಬಲ್ಲದು, ನಿಮ್ಮದೇ ಕಾರು ಕಳೆದ ಮೂರು ವರ್ಷದಲ್ಲಿ ಎಷ್ಟು ಕೆಟ್ಟಿದೆ ಎಂದು ಹೇಳಲಾರದು. ಬ್ರೇಕ್ ಹಾಕಿದಾಗ ನಿಲ್ಲುವ ದೂರ ಬೆಳೆದಿರುತ್ತದೆ, ತಿರುವಿನಲ್ಲಿ ಟೈರು ನೆಲ ಬಿಟ್ಟು ಬಿಟ್ಟು ಹಿಡಿಯುತ್ತಿರುತ್ತದೆ. ಒಳಗೆ ಹಾಡು ಕೇಳುತ್ತಾ ಕೂತವರಿಗೆ ಏನೂ ಗೊತ್ತಿಲ್ಲ.

ಸರಿಯಾಗಿ ಈ ಸಂಧಿಕಾಲದಲ್ಲಿ ಬ್ರಿಟಿಷ್ ಸರ್ಕಾರ ಹಳೇ ಕಾರುಗಳ ಕಡೆ ತಿರುಗಿ ನೋಡಿತು. 1956ರ ರಸ್ತೆ ಸಂಚಾರ ಕಾಯಿದೆಯಲ್ಲಿ ಅಧಿಕಾರ ಪಡೆದಿದ್ದರೂ ಪರೀಕ್ಷೆ ಶುರುವಾದದ್ದು 1960ರ ಸೆಪ್ಟೆಂಬರಿನಲ್ಲಿ, ಅರ್ನೆಸ್ಟ್ ಮಾರ್ಪಲ್ಸ್ ಸಾರಿಗೆ ಮಂತ್ರಿಯಾಗಿದ್ದಾಗ. ಅದಕ್ಕೆ ಹಿಂದಿನ ವರ್ಷವಷ್ಟೇ ಎಂ1 ಹೆದ್ದಾರಿ ತೆರೆದಿತ್ತು. ಹತ್ತು ವರ್ಷ ದಾಟಿದ ಕಾರುಗಳಿಗೆ ಮಾತ್ರ ಪರೀಕ್ಷೆ. ನೋಡುವುದು ಬ್ರೇಕು, ಲೈಟು, ಸ್ಟಿಯರಿಂಗು ಮೂರೇ. ಸಸ್ಪೆನ್ಷನ್ ಎಂಬ ಹೆಸರು ಆ ಮೂರರ ಪಟ್ಟಿಯಲ್ಲಿಲ್ಲ. ಆದರೆ ಕೀಲುಗಳ ಸಂಬಂಧ ಹಾಗಿದೆಯಲ್ಲ, ಸ್ಟಿಯರಿಂಗ್ ನೋಡಲು ಚಕ್ರ ಹಿಡಿದು ಅಲುಗಾಡಿಸಿದವನ ಕೈಗೆ ಕಿಂಗ್ ಪಿನ್ನಿನ ಸವೆತ ಸಿಗದೆ ಇರುವುದಿಲ್ಲ! ಮೊದಲ ಪರೀಕ್ಷೆಗಳಲ್ಲಿ ನಪಾಸಾದ ಕಾರುಗಳು ಎಷ್ಟಿದ್ದವೆಂದರೆ ಮರುವರ್ಷವೇ ಹತ್ತು ವರ್ಷವನ್ನು ಏಳಕ್ಕೆ ಇಳಿಸಬೇಕಾಯಿತು. 1967ರಲ್ಲಿ ಮೂರಕ್ಕೆ ಇಳಿಯಿತು, ಇಂದಿಗೂ ಅಷ್ಟೇ ಇದೆ. 2023ರಲ್ಲಿ ಅದನ್ನು ನಾಲ್ಕಕ್ಕೆ ಏರಿಸೋಣವೇ ಎಂದು ಸರ್ಕಾರ ಅಭಿಪ್ರಾಯ ಕೇಳಿ, ಮರುವರ್ಷ ಬೇಡವೆಂದು ಬಿಟ್ಟಿತು.

ಆಗ ಮಾಡಿದ ಒಂದು ತೀರ್ಮಾನವೇ ನಮ್ಮ ಹಣೆ ಗಂಟಿನ ಮೂಲ. ಪರೀಕ್ಷೆ ಮಾಡುವವರು ಯಾರು? ದೇಶದ ತುಂಬ ಸರ್ಕಾರಿ ಕೇಂದ್ರ ಕಟ್ಟುವ ಬದಲು ಬೀದಿಬೀದಿಯ ಗ್ಯಾರೇಜುಗಳಿಗೇ ಪರವಾನಗಿ ಕೊಟ್ಟರು. ಇಂದು ಅಂಥವು ಸುಮಾರು 23,000 ಇವೆ. ನೋಡುವವನೂ ಅವನೇ, ರಿಪೇರಿ ಮಾಡುವವನೂ ಅವನೇ. ನಾನು ಅನ್ನ ಸಂಪಾದಿಸುವ ಸಾಫ್ಟ್‌ವೇರ್ ಧಂಧೆಯಲ್ಲಿ ಪ್ರೋಗ್ರಾಮ್ ಬರೆದವನೇ ಅದನ್ನು ಟೆಸ್ಟ್ ಮಾಡಿ ಪಾಸು ಮಾಡಬಾರದು ಎಂಬುದು ಮೊದಲ ಪಾಠ. ಅಲ್ಲಿಯ ಭಯ ತಪ್ಪು ಮುಚ್ಚಿಹೋಗುವುದು. ಗ್ಯಾರೇಜಿನಲ್ಲಿ ಇಲ್ಲದ ತಪ್ಪು ಹುಟ್ಟಿಕೊಳ್ಳುವುದು.

ಜರ್ಮನಿ ಬೇರೆ ದಾರಿ ಹಿಡಿದಿತ್ತು, ಅದೂ ಕಾರು ಹುಟ್ಟುವ ಮೊದಲೇ. 1865ರಲ್ಲಿ ಮನ್‌ಹೈಮ್ ನಗರದ ಬಿಯರ್ ಕಾರ್ಖಾನೆಯೊಂದರ ಉಗಿ ಬಾಯ್ಲರ್ ಸಿಡಿಯಿತು. ಮರುವರ್ಷ ಅಲ್ಲಿನ ಕಾರ್ಖಾನೆ ಮಾಲೀಕರು ಸೇರಿ, ಬಾಯ್ಲರ್ ಮಾಡುವವನೂ ಅಲ್ಲದ ಮಾರುವವನೂ ಅಲ್ಲದ ಮೂರನೆಯವನಿಂದ ತಪಾಸಣೆ ಮಾಡಿಸಲು ಒಂದು ಸಂಘ ಕಟ್ಟಿದರು. ತಮಾಷೆಯೆಂದರೆ ಇಂಥದೇ ಸಂಘವೊಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹತ್ತು ವರ್ಷ ಮೊದಲೇ ಇತ್ತು! ಜರ್ಮನಿಯ ಆ ಬಾಯ್ಲರ್ ಸಂಘಗಳ ಸಂತತಿಯೇ ಇಂದಿನ ಟ್ಯುವ್. 1951ರಲ್ಲಿ ಅಲ್ಲಿ ವಾಹನ ತಪಾಸಣೆ ಕಡ್ಡಾಯವಾದಾಗ ಅದೇ ಸಂಪ್ರದಾಯ ಮುಂದುವರಿಯಿತು, 1961ರಲ್ಲಿ ನಂಬರ್ ಪ್ಲೇಟಿನ ಮೇಲೆ ಬಣ್ಣದ ಚೀಟಿ ಬಂತು. ಇಂದು ಎಷ್ಟೋ ಸಲ ತಪಾಸಣೆ ನಡೆಯುವುದು ಮಾಮೂಲಿ ಗ್ಯಾರೇಜಿನಲ್ಲೇ, ಆದರೆ ಚೀಟಿ ಅಂಟಿಸುವ ಎಂಜಿನಿಯರು ಹೊರಗಿನಿಂದ ಬಂದವನು. ಬುಷ್ ಹೋಗಿದೆ ಎಂದರೆ ಅವನ ಜೇಬಿಗೆ ಅದರಿಂದ ಏನೂ ಬರುವುದಿಲ್ಲ.

ಹಾಗಾದರೆ ಬೇರೆಯವನು ನೋಡಿದರೆ ಎಲ್ಲ ಸರಿಯೇ? ಬ್ರಿಟನ್ನಿನೊಳಗೇ ಇರುವ ಉತ್ತರ ಐರ್ಲೆಂಡಿನ ಕತೆ ಕೇಳಿ. ಅಲ್ಲಿ ಪರೀಕ್ಷೆ ನಡೆಯುವುದು ಸರ್ಕಾರಿ ಕೇಂದ್ರಗಳಲ್ಲೇ, ರಿಪೇರಿಯ ಮಾತೇ ಇಲ್ಲ. 2020ರ ಜನವರಿಯಲ್ಲಿ ಆ ಕೇಂದ್ರಗಳ ಲಿಫ್ಟುಗಳನ್ನು ಪರೀಕ್ಷಿಸಿದರೆ 55ರಲ್ಲಿ 48ಕ್ಕೆ ಬಿರುಕಿನ ಲಕ್ಷಣ! ಕಾರುಗಳ ಪರೀಕ್ಷೆಯನ್ನೇ ನಿಲ್ಲಿಸಿ, ಸದ್ಯಕ್ಕೆ ವಿನಾಯಿತಿ ಪತ್ರ ಹಂಚಬೇಕಾಯಿತು. ನೋಡುವವನ ಕೆಳಗೂ ಯಾರಾದರೂ ನುಗ್ಗಿ ನೋಡಬೇಕು.

ಇಂಗ್ಲೆಂಡಿನ ವ್ಯವಸ್ಥೆ ಪೂರ್ತಿ ನಂಬಿಕೆಯ ಮೇಲೆ ನಿಂತಿಲ್ಲ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಪರೀಕ್ಷೆ ಮಾಡುವ ಗ್ಯಾರೇಜು ಮಾಲೀಕನಿಗೆ ನಿಂತು ನೋಡಲು ಜಾಗ ಕೊಡಲೇಬೇಕು. ನಾನಿರುವ ಊರಿನ ಗ್ಯಾರೇಜಿನಲ್ಲಿ ಅದೊಂದು ಕಿಟಕಿ, ಪಕ್ಕದಲ್ಲಿ ಚಹಾದ ಕೆಟಲ್. ಎರಡು ವರ್ಷದ ಹಿಂದೆ ಅಲ್ಲಿ ನಿಂತು ನೋಡಿದ್ದನ್ನು ಹೇಳುತ್ತೇನೆ. ಚಕ್ರವನ್ನು ನೆಲದಿಂದ ಎತ್ತಿ, ಗಡಿಯಾರದ ಹನ್ನೆರಡು ಮತ್ತು ಆರರ ಜಾಗದಲ್ಲಿ ಎರಡು ಕೈಯಿಟ್ಟು ಅಲುಗಾಡಿಸುತ್ತಾರೆ. ಲಟಪಟ ಎಂದರೆ ಇನ್ನೊಬ್ಬ ಬ್ರೇಕ್ ಒತ್ತಿ ಹಿಡಿಯುತ್ತಾನೆ. ಆಗ ಅಲುಗಾಟ ನಿಂತರೆ ತಪ್ಪು ಚಕ್ರದ ಬೇರಿಂಗಿನದು, ನಿಲ್ಲದಿದ್ದರೆ ಬಾಲ್ ಜಾಯಿಂಟೋ ಇನ್ನಾವುದೋ ಕೀಲು. ಎಂಥ ಸರಳ ತರ್ಕ! ಕಿಂಗ್ ಪಿನ್ನಿನ ಕಾಲದ ಉಪಾಯ ಇದು, ಇಂದಿಗೂ ನಡೆಯುತ್ತದೆ. ಆಮೇಲೆ ಉದ್ದನೆಯ ಸನಿಕೆಯಂಥ ಕಬ್ಬಿಣದ ಕೋಲನ್ನು ಆರ್ಮಿನ ಸಂದಿಗೆ ತೂರಿಸಿ ಮೀಟಿದರು. ಬುಷ್‌ನ ರಬ್ಬರು ಬಾಯಿಬಿಟ್ಟು ಮತ್ತೆ ಮುಚ್ಚಿಕೊಂಡಿತು. ನನ್ನನ್ನು ಕರೆದು ಟಾರ್ಚ್ ಬಿಟ್ಟು ತೋರಿಸಿದರು. ಬಿಚ್ಚಿ ನೋಡುವಂತಿಲ್ಲ, ಅದು ಪರೀಕ್ಷೆಯ ನಿಯಮ; ಕಣ್ಣು, ಕೈ, ಕೋಲು, ಇಷ್ಟರಲ್ಲೇ ಹೇಳಬೇಕು.

ಮುರಿದ ಕಾಯಿಲ್ ಸ್ಪ್ರಿಂಗ್ ಈ ದೇಶದ ಪರೀಕ್ಷೆಗಳಲ್ಲಿ ಪದೇ ಪದೇ ಸಿಗುವ ದೋಷ. ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪು ಬಣ್ಣ ಕಿತ್ತ ಜಾಗದಲ್ಲಿ ಉಕ್ಕನ್ನು ತಿನ್ನುತ್ತದೆ. ಅಲ್ಲಿಂದ ಶುರುವಾದ ಬಿರುಕು ಒಂದೊಂದು ಉಬ್ಬು ದಾಟಿದಾಗಲೂ ಅಷ್ಟಷ್ಟೇ ಒಳಗಿಳಿಯುತ್ತದೆ. ಬೀದಿಯ ಉಬ್ಬುಗಳಿಗೆ ಇಲ್ಲಿ ದಾರಿ ಮಾಡಿದ್ದು 1981ರ ಕಾನೂನು. ಅದರ ಸರ್ಕಾರಿ ಹೆಸರು "ರೋಡ್ ಹಂಪ್", ಬೆಂಗಳೂರಿನಲ್ಲಿ ನಾವು "ಹಂಪ್ಸ್" ಅನ್ನುವುದು ತಪ್ಪಲ್ಲ ಎಂದಾಯಿತು! ಸ್ಪ್ರಿಂಗ್ ಸಾಮಾನ್ಯವಾಗಿ ತುದಿಯ ಸುತ್ತಿನಲ್ಲಿ ಮುರಿಯುತ್ತದೆ. ಕಾರು ಜಟಕಾದ ಹಾಗೆ ವಾಲುವುದೂ ಇಲ್ಲ. ಮುರಿದ ಚೂರು ತಟ್ಟೆಯಲ್ಲೇ ಕೂತು ತಿಂಗಳುಗಟ್ಟಲೆ ಸವಾರಿ ಮಾಡುತ್ತದೆ, ಒಂದು ದಿನ ಟೈರಿಗೆ ಚುಚ್ಚಿದರೆ ಮಾತ್ರ ಸುದ್ದಿಯಾಗುತ್ತದೆ.

ನಪಾಸಾದರೆ ಅಲ್ಲಿಯೇ ರಿಪೇರಿ ಮಾಡಿಸಬೇಕೆಂಬ ಕಡ್ಡಾಯವೂ ಇಲ್ಲ. ಒಪ್ಪಿಗೆಯಿಲ್ಲದಿದ್ದರೆ ಆ ಭಾಗವನ್ನು ಮುಟ್ಟದೆ ಹಾಗೆಯೇ ಬಿಟ್ಟು ಇಲಾಖೆಗೆ ಮೇಲ್ಮನವಿ ಹಾಕಬಹುದು. ಅವರ ಕಡೆಯವರು ಬಂದು ಮತ್ತೆ ನೋಡುತ್ತಾರೆ. ಕೆಲವು ನಗರಸಭೆಗಳ ಪರೀಕ್ಷಾ ಕೇಂದ್ರಗಳೂ ಇವೆ, ಅವು ತಮ್ಮ ವಾಹನಗಳಿಗಾಗಿ ಇದ್ದರೂ ನಮಗೂ ತೆರೆದಿವೆ, ಸಾರ್ವಜನಿಕರ ಕಾರನ್ನು ರಿಪೇರಿ ಮಾಡುವುದಿಲ್ಲ. ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ನನ್ನ ಕಸುಬಿನವರಿಂದ ಆದದ್ದು ಎಂದರೆ ಜಂಬವೆಂದುಕೊಳ್ಳಬೇಡಿ. 2005-06ರ ಹೊತ್ತಿಗೆ ಪರೀಕ್ಷೆಯ ಫಲಿತಾಂಶಗಳೆಲ್ಲ ಕಂಪ್ಯೂಟರಿಗೆ ಹೋದವು. ಯಾವುದೇ ಕಾರಿನ ನಂಬರು ಹೊಡೆದರೆ ಅದು ಯಾವ ವರ್ಷ ಯಾವ ಕಾರಣಕ್ಕೆ ನಪಾಸಾಯಿತು, "ಬುಷ್ ಸವೆಯುತ್ತಿದೆ, ಗಮನವಿಡಿ" ಎಂದು ಯಾವಾಗ ಎಚ್ಚರಿಸಿದ್ದರು ಎಂದು ಯಾರು ಬೇಕಾದರೂ ನೋಡಬಹುದು. ಹೋದ ವರ್ಷ ಒಂದು ಗ್ಯಾರೇಜು ಕಂಡ ಸವೆತ ಈ ವರ್ಷ ಇನ್ನೊಂದು ಗ್ಯಾರೇಜಿಗೆ ಕಾಣದಿದ್ದರೆ ಕಾಗದದ ಮೇಲೇ ಪ್ರಶ್ನೆ ಎದ್ದು ನಿಲ್ಲುತ್ತದೆ. ನನ್ನ ಮಟ್ಟಿಗೆ ಜರ್ಮನಿಯ ಹೊರಗಿನ ಎಂಜಿನಿಯರಿಗಿಂತ ಈ ತೆರೆದ ಲೆಕ್ಕಪುಸ್ತಕ ಮತ್ತು ಆ ಕಿಟಕಿ ಹೆಚ್ಚು ಬೆಲೆಯುಳ್ಳವು. ಜರ್ಮನಿಯಲ್ಲಿರುವ ನಮ್ಮ ಗೆಳೆಯರು ಒಪ್ಪಲಿಕ್ಕಿಲ್ಲ, ಮುಂದಿನ ಸಂಚಿಕೆಗೆ ಬರೆಯಲಿ.

ಪರೀಕ್ಷೆಯೇ ಬೇಡ ಎಂದವರೂ ಇದ್ದಾರೆ. ಅಮೆರಿಕದಲ್ಲಿ ಇದು ಆಯಾ ರಾಜ್ಯದ ಇಷ್ಟ. ನಮ್ಮವರು ತುಂಬಿರುವ ನ್ಯೂಜೆರ್ಸಿ 2010ರಲ್ಲಿ ಖಾಸಗಿ ಕಾರುಗಳ ಯಾಂತ್ರಿಕ ತಪಾಸಣೆ ಬಿಟ್ಟು ಹೊಗೆ ಪರೀಕ್ಷೆ ಮಾತ್ರ ಉಳಿಸಿಕೊಂಡಿತು. ಟೆಕ್ಸಾಸ್ 2025ರ ಆರಂಭದಿಂದ ಖಾಸಗಿ ವಾಹನಗಳ ಸುರಕ್ಷತಾ ತಪಾಸಣೆ ನಿಲ್ಲಿಸಿತು. ಅಲ್ಲಿ ಕಾರಿನಡಿ ನೋಡುವ ಕಣ್ಣು ಮತ್ತೆ ಎಣ್ಣೆ ಬದಲಿಸುವ ಹುಡುಗನದೇ.

ಇನ್ನು ನಮ್ಮೂರು. 1988ರ ಮೋಟಾರು ವಾಹನ ಕಾಯಿದೆಯಂತೆ ಲಾರಿ, ಬಸ್ಸು, ಟ್ಯಾಕ್ಸಿಗಳಿಗೆ ನಿಗದಿತ ಅವಧಿಗೊಮ್ಮೆ ಎಫ್.ಸಿ. ಆಗಬೇಕು, ಆರ್.ಟಿ.ಓ. ಕಚೇರಿಯ ಮುಂದೆ ಆ ದಿನ ಬೆಳಿಗ್ಗೆ ಹೊಸ ಬಣ್ಣ ಬಳಿದುಕೊಂಡು ನಿಂತ ಲಾರಿಗಳ ಸಾಲು ನೀವೂ ನೋಡಿರುತ್ತೀರಿ. 2021ರಲ್ಲಿ ಕೇಂದ್ರ ಸರ್ಕಾರ ಯಂತ್ರಗಳಿಂದಲೇ ತಪಾಸಣೆ ಮಾಡುವ ಕೇಂದ್ರಗಳಿಗೆ ನಿಯಮ ಬರೆಯಿತು. ಅಂಥ ಕೇಂದ್ರ ವಾಹನ ರಿಪೇರಿಯನ್ನಾಗಲಿ ಬಿಡಿಭಾಗದ ಮಾರಾಟವನ್ನಾಗಲಿ ಮಾಡಕೂಡದು ಎಂದು ಅದರಲ್ಲಿದೆ. 1960ರ ಇಂಗ್ಲೆಂಡನ್ನು ಬಿಟ್ಟು 1866ರ ಮನ್‌ಹೈಮಿನ ಕಡೆ ನಾವು ವಾಲಿದ್ದೇವೆ. ಖಾಸಗಿ ಕಾರಿನ ಮಾತು ಬೇರೆ. ಅದರ ನೋಂದಣಿ 15 ವರ್ಷಕ್ಕೆ. ಅದು ಮುಗಿದು ನವೀಕರಣಕ್ಕೆ ಹೋದಾಗಲೇ ಸರ್ಕಾರ ಮೊದಲ ಸಲ ಅದರ ಕೀಲುಗಳ ಯೋಗಕ್ಷೇಮ ವಿಚಾರಿಸುವುದು. ಮಾರುತಿಯ ನಂತರ ಗ್ರೀಸಿಂಗ್ ಬೋರ್ಡೂ ಕಮ್ಮಿಯಾಗಿದೆ. ಆ 15 ವರ್ಷಗಳಲ್ಲಿ ಶಾಕಪ್ ಎಣ್ಣೆ ಸೋರಿದ್ದನ್ನು ಯಾರಾದರೂ ಕಂಡರೆ ಅದು ಪಂಕ್ಚರ್ ಅಂಗಡಿಯಲ್ಲಿ ಜಾಕ್ ಕೊಡಲು ಬಗ್ಗಿದ ಹುಡುಗ, ಅವನಿಗೆ ಹೇಳುವ ಮನಸ್ಸಿದ್ದರೆ.